ಮಿಕ್ಕ ರೊಟ್ಟಿಯ ಸಿಹಿ

ಗದಗ ತಾಲ್ಲೂಕಿನ ಕೋಟುಮಚಗಿಯ ಕಡೆಯ ಎರೆಸೀಮೆಯ ಅಡುಗೆಮನೆಗಳಲ್ಲಿ ಮಿಕ್ಕ ಚಪಾತಿಯನ್ನು ಚೆಲ್ಲುವುದು ಹಿರಿಯರ ರೂಢಿಯಲ್ಲ. ಅದನ್ನು ಮುರಿದು ಪುಡಿಮಾಡಿ ಬೆಲ್ಲ, ತುಪ್ಪ, ಏಲಕ್ಕಿ ಬೆರೆಸಿದರೆ ಮಕ್ಕಳ ಕೈಗೆ ಸಿಹಿಉಂಡೆ ಸಿದ್ಧವಾಗುತ್ತದೆ. ಜಾತ್ರೆ, ಮದುವೆಗಳಲ್ಲಿ ಬಡಿಸುವ ಗೋಧಿಯ ಮಾದಲಿಯೂ ಇದೇ ಬಳಗದ್ದು. ಯೆಹೂದ್ಯರ ಮನೆಗಳಲ್ಲಿಯೂ ಪಾಸ್ಕಹಬ್ಬದ ರೊಟ್ಟಿ ಮಿಕ್ಕಾಗ ನಡೆಯುವುದು ಇಂಥದೇ ಕಾಯಕ.

ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಯೇಲರಿಗೆ ಕಣಕ ಹುಳಿಯುವಷ್ಟು ವ್ಯವಧಾನವಿರಲಿಲ್ಲವೆಂದು ವಿಮೋಚನಾಕಾಂಡ ಹೇಳುತ್ತದೆ. ಅದರ ನೆನಪಿಗೆ ಯೆಹೂದ್ಯರು ಇಸ್ರೇಲಿನಲ್ಲಿ ಏಳು ದಿನ, ಹೊರನಾಡುಗಳಲ್ಲಿ ಸಾಂಪ್ರದಾಯಿಕವಾಗಿ ಎಂಟು ದಿನ, ಹುಳಿಯಿಲ್ಲದ 'ಮತ್ಸಾ' ರೊಟ್ಟಿಯನ್ನು ಉಣ್ಣುತ್ತಾರೆ. ಗೋಧಿ, ಜವೆಗೋಧಿ ಮೊದಲಾದ ಐದು ಧಾನ್ಯಗಳಿಂದಲೇ ಅದನ್ನು ಮಾಡಬೇಕು. ನಮ್ಮ ಜೋಳಕ್ಕೆ ಅಲ್ಲಿ ಸ್ಥಾನವಿಲ್ಲ. ಹಿಟ್ಟಿಗೆ ನೀರು ಬಿದ್ದು 18 ನಿಮಿಷಗಳೊಳಗೆ ರೊಟ್ಟಿ ಬೆಂದಿರಬೇಕು. 1838ರಲ್ಲಿ ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದಲ್ಲಿ ಇದರ ಕಣಕ ಲಟ್ಟಿಸುವ ಯಂತ್ರ ಬಂದಿತು. ಕ್ರಮೇಣ ಮನೆಯ ರೊಟ್ಟಿ ಅಂಗಡಿಯ ಪೊಟ್ಟಣವಾಯಿತು. ಹಬ್ಬಕ್ಕೆಂದು ತಂದ ಪೊಟ್ಟಣಗಳಲ್ಲಿ ಮಿಗುವುದೂ ಸಹಜವಾಯಿತು.

ಮಿಕ್ಕ ಮತ್ಸಾವನ್ನು ಟರ್ಕಿ, ಗ್ರೀಸ್ ಕಡೆಯ ಸೆಫಾರ್ದಿ ಗೃಹಿಣಿಯರು ನೀರಿನಲ್ಲಿ ನೆನೆಸಿ, ಹಿಂಡಿ, ಮೊಟ್ಟೆ ಬೆರೆಸಿ, ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕ ಇಲ್ಲವೆ ಜೇನು ಸುರಿದು ಬಡಿಸುತ್ತಾರೆ. ಪೂರ್ವ ಯುರೋಪಿನವರು ಮೊಟ್ಟೆಯೊಡನೆ ಹುರಿದು ಮೇಲೆ ಸಕ್ಕರೆ ಉದುರಿಸುವುದುಂಟು. ಪಾಸ್ಕದ ಪಂಕ್ತಿಯಲ್ಲಿ ಹಣ್ಣು, ಬೀಜ, ದ್ರಾಕ್ಷಾರಸಗಳನ್ನು ಅರೆದ 'ಹರೋಸೆತ್' ಎಂಬ ವ್ಯಂಜನವೂ ಇರುತ್ತದೆ. ಇಟ್ಟಿಗೆ ಹೊಯ್ದ ದಾಸ್ಯದ ಮಣ್ಣಿನ ಗುರುತು ಅದು. ಮಿಕ್ಕ ಹರೋಸೆತ್ ಕೂಡ ಉಂಡೆಯಾಗಿ ಮಕ್ಕಳ ಬಾಯಿ ಸೇರುತ್ತದೆ. ದಾಸ್ಯದ ಮಣ್ಣು ಹೀಗೆ ಸಿಹಿಯಾಗುತ್ತದೆ.

ಈ ಹಬ್ಬ ನಮಗೆ ದೂರದ್ದೇನೂ ಅಲ್ಲ. 1956ರವರೆಗೆ ಗದಗ ಸೀಮೆಯನ್ನು ಆಳಿದ ಮುಂಬಯಿ ಆಡಳಿತದಲ್ಲೇ ಕೊಂಕಣ ತೀರದ ಬೆನೆ ಇಸ್ರಾಯೇಲ್ ಸಮುದಾಯವೂ ಇತ್ತು. ಶತಮಾನಗಳ ಕಾಲ ಬೇರೆ ಯೆಹೂದ್ಯರಿಂದ ಅಗಲಿದ್ದ ಅವರು ಹುಳಿರಸದ ಗಡಿಗೆಯನ್ನು ಎಂಟು ದಿನ ಮುಚ್ಚಿಟ್ಟು ಪಾಸ್ಕವನ್ನು ಆಚರಿಸುತ್ತಿದ್ದರು; ಹಬ್ಬದ ಹೆಸರೇ ಗಡಿಗೆ ಮುಚ್ಚುವ ಹಬ್ಬವೆಂದಿತ್ತು. ಆಚಾರದ ವಿವರ ಮರೆತರೂ ಅಡುಗೆಮನೆ ಅದರ ತಿರುಳನ್ನು ಮರೆಯಲಿಲ್ಲ. ಪ್ರವಾದಿ ಎಲೀಯನ ನೆನಪಿನಲ್ಲಿ ಅವಲಕ್ಕಿ, ಕೊಬ್ಬರಿ, ಸಕ್ಕರೆ ಬೆರೆಸಿ ಅವರು ಹಂಚುವ ಸಿಹಿಯ ಹೆಸರು 'ಮಲೀದಾ'. ಕೇಳಿದೊಡನೆ ನಮ್ಮ ಮಾದಲಿ ನೆನಪಾಗುತ್ತದೆ. 1948ರ ನಂತರ ಅವರಲ್ಲಿ ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋದರು. ಮಲೀದಾ ಅವರೊಡನೆ ಹೋಯಿತು.

ಪಾಸ್ಕದ ಕುರಿಮರಿಯ ಮಾಂಸವನ್ನು ಬೆಳಗಿನವರೆಗೆ ಉಳಿಸಬಾರದು, ಉಳಿದರೆ ಸುಡಬೇಕು ಎಂಬುದು ವಿಧಿ. ರೊಟ್ಟಿಗೆ ಅಂಥ ವಿಧಿಯಿಲ್ಲ. ಪಾಸ್ಕಹಬ್ಬ ಸಮೀಪಿಸಿದಾಗಲೇ ಪ್ರಭು ಯೇಸು ಐದು ಜವೆಗೋಧಿ ರೊಟ್ಟಿಗಳಿಂದ ಜನಸ್ತೋಮವನ್ನು ತಣಿಸಿದರೆಂದೂ, ಮಿಕ್ಕ ತುಂಡುಗಳನ್ನು ಹಾಳುಮಾಡದೆ ಕೂಡಿಸಲು ಹೇಳಿದರೆಂದೂ ಯೊವಾನ್ನನ ಶುಭಸಂದೇಶ ಹೇಳುತ್ತದೆ. ತುಂಬಿದ್ದು ಹನ್ನೆರಡು ಬುಟ್ಟಿಗಳು. ಅದ್ಭುತವನ್ನು ಎಸಗಿದ ಕೈಗೂ ಒಂದು ತುಂಡು ರೊಟ್ಟಿ ಅಗ್ಗವೆನಿಸಲಿಲ್ಲ.

ಬಲಿಪೀಠದ ಮೇಲೆ ನಾವು ಅರ್ಪಿಸುವ ಹುಳಿಯಿಲ್ಲದ ರೊಟ್ಟಿಯ ಹಿಂದೆಯೂ ಆ ಹಬ್ಬದ ನೆನಪಿದೆ. ಅದನ್ನು ಇಂದಿಗೂ ಆಚರಿಸುವ ಯೆಹೂದ್ಯರಿಗೆ ನಾವು ಈ ಮಟ್ಟಿಗೆ ಋಣಿಗಳು. ಆದರೆ ನಮ್ಮ ಧರ್ಮಕೇಂದ್ರದ ಹಬ್ಬದೂಟ ಮುಗಿದ ಮೇಲೆ ಎಂಜಲೆಲೆಗಳೊಡನೆ ಮುಟ್ಟದ ಚಪಾತಿ, ಹೋಳಿಗೆಗಳೂ ತಿಪ್ಪೆ ಸೇರುವುದನ್ನು ಕಂಡವರೇ ನಾವೆಲ್ಲ. ಮುಂದಿನ ಹಬ್ಬದಲ್ಲಿ ಮಿಕ್ಕದ್ದನ್ನು ಕೂಡಿಸಲು ಒಂದು ಬುಟ್ಟಿಯನ್ನು ಮೊದಲೇ ಇಟ್ಟುಕೊಳ್ಳೋಣ. ಬೆಲ್ಲ ಬೆರೆಸಿ ಉಂಡೆ ಕಟ್ಟುವುದನ್ನು ಮನೆಯ ಅಜ್ಜಿಯರು ಮಕ್ಕಳಿಗೆ ಕಲಿಸಲಿ. ಕಟ್ಟುತ್ತಿರುವಾಗ ಆ ಹನ್ನೆರಡು ಬುಟ್ಟಿಗಳ ಕಥೆಯನ್ನೂ ಹೇಳಲಿ.