ಜವಾನ್ ಕೈಗಡಿಯಾರ

ಸೈಟ್ ಕೆಲಸಕ್ಕೆ ಗಟ್ಟಿ ವಾಚ್ ಯಾವುದು ತಗೊಳ್ಳೋದು ಅಂತ ಪಿಕರಿಂಗ್‌ನಲ್ಲಿ ನಮ್ಮ ಹುಡುಗರು ಕೇಳ್ತಿರ್ತಾರೆ. ನನಗೆ ಮೊದಲು ನೆನಪಾಗೋದು ಎಚ್‌ಎಂಟಿ ಜವಾನ್.

ಸೈನಿಕರು ಮಣಿಕಟ್ಟಿಗೆ ವಾಚ್ ಕಟ್ಟೋದು ರೂಢಿಯಾದದ್ದು 1914-18ರ ಮೊದಲ ಮಹಾಯುದ್ಧದಲ್ಲಿ. ಕೈಯಲ್ಲಿ ಬಂದೂಕು ಹಿಡಿದವನು ಜೇಬಿನಿಂದ ಗಡಿಯಾರ ತೆಗೆದು ನೋಡೋಕಾಗುತ್ತಾ?

ನಮ್ಮಲ್ಲಿ ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರುಮಾಡಿದರು. ಮುಂದೆ ಅವರು ತಂದ ಜವಾನ್ ಹೆಸರಿಗೆ ತಕ್ಕಂತೆ ಸೈನಿಕರ ವಾಚ್. ಥಟ್ಟನೆ ಕಾಣುವ ದೊಡ್ಡ ಅಂಕಿಗಳು, 17 ಜ್ಯುವೆಲ್. ದಿನಕ್ಕೊಮ್ಮೆ ಕೀ ಕೊಟ್ಟರೆ ಸಾಕು, ಬ್ಯಾಟರಿ ಬೇಡ. ಕೆಟ್ಟರೆ ಊರಿನ ವಾಚ್ ರಿಪೇರಿಯವನೇ ಬಿಚ್ಚಿ ಸರಿಮಾಡ್ತಿದ್ದ.

ಆಮೇಲೆ ಬ್ಯಾಟರಿಯ ಕ್ವಾರ್ಟ್ಜ್ ವಾಚುಗಳು ಬಂದವು, ನಷ್ಟ ಬೆಳೆಯಿತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು.

ಮಿಲಿಟರಿಯಲ್ಲಿದ್ದ ನಮ್ಮ ದೊಡ್ಡಪ್ಪನ ಜವಾನ್ ಈಗ ನನ್ನ ಹತ್ತಿರ ಇದೆ. ಮಾಡಿದ ಕಾರ್ಖಾನೆ ಇಲ್ಲ, ಕಟ್ಟಿದ ದೊಡ್ಡಪ್ಪನೂ ಇಲ್ಲ, ವಾಚ್ ಮಾತ್ರ ಓಡ್ತಾ ಇದೆ. ಹಳೇದು, ನೀರು ತಾಗಿಸಲ್ಲ. ಪ್ಯಾನೆಲ್ ಮುಟ್ಟೋ ಮುಂಚೆ ಬಿಚ್ಚಿಡ್ತೀನಿ.

ನೀವು ಹೊಸ ವಾಚ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಕೆಟ್ಟರೆ ಇದನ್ನ ಬಿಚ್ಚಿ ಸರಿಮಾಡೋಕಾಗುತ್ತಾ?