ಸಕ್ಕರೆ ಬದಲಾದರೆ ಈಸ್ಟ್‌ಗೆ ಹೇಗೆ ಗೊತ್ತಾಗುತ್ತದೆ?

ಬೇಕರಿ ಬನ್ ಉಬ್ಬಿಸುವ ಈಸ್ಟ್ ಒಂದೇ ಜೀವಕೋಶದ ಜೀವಿ. ಬಾಯಿಲ್ಲ, ನಾಲಿಗೆಯಿಲ್ಲ, ಮಿದುಳಂತೂ ಇಲ್ಲವೇ ಇಲ್ಲ. ಆದರೂ ಎದುರಿಗೆ ಯಾವ ಸಕ್ಕರೆ ಇದೆ ಎಂದು ಅದಕ್ಕೆ ತಿಳಿಯುತ್ತದೆ. ಅದು ಹೇಗೆಂದು ಕಂಡುಹಿಡಿಯಲು ವಿಜ್ಞಾನಿಗಳಿಗೆ ಸುಮಾರು ನೂರು ವರ್ಷ ಹಿಡಿಯಿತು.

ಹಾಲಿನ ಸಕ್ಕರೆಯಲ್ಲಿ ಎರಡು ಸಕ್ಕರೆಗಳು ಜೋಡಿಯಾಗಿರುತ್ತವೆ. ಒಂದು ನಮಗೆಲ್ಲ ಗೊತ್ತಿರುವ ಗ್ಲೂಕೋಸ್, ಇನ್ನೊಂದು ಗ್ಯಾಲಕ್ಟೋಸ್. 1900ರಲ್ಲಿ ಫ್ರಾನ್ಸ್‌ನ ಫ್ರೆಡೆರಿಕ್ ಡಿಯೆನೆರ್ ಒಂದು ವಿಚಿತ್ರ ವರದಿ ಮಾಡಿದರು. ಗ್ಲೂಕೋಸ್‌ನಲ್ಲಿ ಬೆಳೆದ ಈಸ್ಟನ್ನು ಗ್ಯಾಲಕ್ಟೋಸ್‌ಗೆ ಹಾಕಿದರೆ ಕೆಲವು ಗಂಟೆ ಸುಮ್ಮನಿದ್ದು, ಆಮೇಲೆ ಹುದುಗಿಸಲು ಶುರುಮಾಡುತ್ತದೆ. ಮತ್ತೆ ಗ್ಲೂಕೋಸ್‌ಗೆ ತಂದರೆ ಕಲಿತದ್ದನ್ನು ಮರೆತುಬಿಡುತ್ತದೆ.

ಇಲ್ಲಿಂದ ದೊಡ್ಡ ತಕರಾರು ಎದ್ದಿತು. ಆಹಾರವೇ ಕೋಶವನ್ನು ಬದಲಿಸಿತೋ, ಇಲ್ಲಾ ಗ್ಯಾಲಕ್ಟೋಸ್ ತಿನ್ನಬಲ್ಲ ನಾಲ್ಕಾರು ಕೋಶಗಳು ಮೊದಲೇ ಇದ್ದು ಅವೇ ಹೆಚ್ಚಿದವೋ?

1948ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ (ಹೌದು, ಅದೇ ಬಿಯರ್ ಕಂಪನಿಯದು) ಓಯ್ವಿಂಡ್ ವಿಂಗೆ ಮತ್ತು ಕ್ಯಾಥರೀನ್ ರಾಬರ್ಟ್ಸ್ ಒಂದು ಸುಳಿವು ಕೊಟ್ಟರು. ಕೆಲವು ಈಸ್ಟ್‌ಗಳು ಹೊಂದಿಕೊಳ್ಳಲು ಗಂಟೆಗಳಲ್ಲ, ದಿನಗಳನ್ನೇ ತೆಗೆದುಕೊಳ್ಳುತ್ತಿದ್ದವು. ತಳಿ ಕೂಡಿಸಿ ನೋಡಿದಾಗ ವ್ಯತ್ಯಾಸವಿದ್ದದ್ದು ಒಂದೇ ಜೀನ್‌ನಲ್ಲಿ. ಅಂದರೆ ಬೇಗ ಹೊಂದಿಕೊಳ್ಳುವ ಗುಣವೂ ಹುಟ್ಟಿನಿಂದ ಬಂದದ್ದೇ.

ನಮಗೆ ತುಂಬ ಇಷ್ಟವಾದದ್ದು ಮುಂದಿನ ಭಾಗ. ಅಮೆರಿಕದ ಸಿಯಾಟಲ್‌ನಲ್ಲಿ ಹೋವರ್ಡ್ ಡಗ್ಲಸ್ ಮತ್ತು ಡೊನಾಲ್ಡ್ ಹಾಥಾರ್ನ್ ಕೆಟ್ಟುಹೋದ ಈಸ್ಟ್‌ಗಳನ್ನೇ ಹುಡುಕಿ ಕೂಡಿಸಿದರು. ಒಂದು ಬಗೆಯದು ಗ್ಯಾಲಕ್ಟೋಸ್ ಸುರಿದರೂ ಅದನ್ನು ಅರಗಿಸುವ ಕಿಣ್ವ ತಯಾರಿಸುತ್ತಿರಲಿಲ್ಲ. ಇನ್ನೊಂದು ಗ್ಯಾಲಕ್ಟೋಸ್ ಇಲ್ಲದಿದ್ದರೂ ಸುಮ್ಮನೆ ತಯಾರಿಸುತ್ತಲೇ ಇತ್ತು, ಆಫ್ ಮಾಡಲು ಬಾರದ ಬೋರ್‌ವೆಲ್ ಮೋಟಾರಿನ ಹಾಗೆ. ಒಂದರಲ್ಲಿ ಸ್ವಿಚ್ ಹಾಕುವವನಿಲ್ಲ, ಇನ್ನೊಂದರಲ್ಲಿ ಅವನ ಕೈ ಹಿಡಿಯುವವನಿಲ್ಲ. ಹಾಕುವವನಿಗೆ ಗ್ಯಾಲ್4 ಎಂದೂ, ತಡೆಯುವವನಿಗೆ ಗ್ಯಾಲ್80 ಎಂದೂ ಹೆಸರು. ಯಾವ ಯಂತ್ರದಲ್ಲೂ ಅವನ್ನು ಕಣ್ಣಾರೆ ಕಾಣದೆ, 1960ರ ದಶಕದಲ್ಲಿ ಬರೀ ತಳಿ ಕೂಡಿಸಿ, ಲೆಕ್ಕ ಹಾಕಿ ಇಷ್ಟು ತಿಳಿದುಕೊಂಡರು.

ಉಳಿದದ್ದು ಆಮೇಲೆ ತಿಳಿಯಿತು. ಗ್ಯಾಲಕ್ಟೋಸ್ ಬಂದಾಗ ಗ್ಯಾಲ್3 ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು ಗ್ಯಾಲ್80ಯನ್ನು ತನ್ನತ್ತ ಸೆಳೆಯುತ್ತದೆ. ಕೈ ಬಿಡಿಸಿಕೊಂಡ ಗ್ಯಾಲ್4 ಜೀನ್‌ಗಳನ್ನು ಆನ್ ಮಾಡುತ್ತದೆ. ವಿಂಗೆ ಮತ್ತು ರಾಬರ್ಟ್ಸ್ ಕಂಡಿದ್ದು ಈ ಗ್ಯಾಲ್3ರ ಜೀನನ್ನೇ. ಆದರೆ ಗ್ಲೂಕೋಸ್ ಪಕ್ಕದಲ್ಲೇ ಇದ್ದರೆ ಇದೆಲ್ಲ ಬಂದ್: ಸುಲಭದ ಊಟ ಇರುವಾಗ ಕಷ್ಟದ ಅಡುಗೆ ಯಾಕೆ? ಮಿಗ್1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ನೋಡಿಕೊಳ್ಳುತ್ತದೆ.

ಹೀಗೆ ಆಹಾರ ಕೊಟ್ಟು ಜೀನ್ ಆನ್ ಮಾಡುವ ಉಪಾಯ ಔಷಧ ತಯಾರಿಕೆಗೂ ಬಂತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ಆಮದು ಲಸಿಕೆಗಿಂತ ಬಹಳ ಅಗ್ಗದ ಬೆಲೆಗೆ ತಂದಿತು. ಅವರು ಬಳಸಿದ್ದು ಪಿಕಿಯಾ ಎಂಬ ಬೇರೆ ಈಸ್ಟ್. ಅದರ ಸ್ವಿಚ್ ಗ್ಯಾಲಕ್ಟೋಸ್‌ಗಲ್ಲ, ಮೆಥನಾಲ್‌ಗೆ ಆನ್ ಆಗುವಂಥದ್ದು. ಇವತ್ತು ನಮ್ಮ ಅಂಗನವಾಡಿಗಳಲ್ಲಿ ಕೂಸುಗಳಿಗೆ 6, 10, 14ನೇ ವಾರ ಹಾಕಿಸುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿರುವ ಹೆಪಟೈಟಿಸ್ ಬಿ ಅಂಶವೂ ಈಸ್ಟ್‌ನಲ್ಲೇ ತಯಾರಾಗಿ ಬರುತ್ತದೆ.