ಸೋಡಾ ಗಾಳಿ ಮತ್ತು ನೀರೊಳಗಿನ ತೋಟ

ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸಿದ ಮೂವತ್ತೊಂದು ವರ್ಷಗಳಲ್ಲಿ ನಾನು ಪ್ರತಿ ವರ್ಷವೂ ತಪ್ಪದೆ ಮಾಡಿ ತೋರಿಸುತ್ತಿದ್ದ ಪ್ರಯೋಗವೊಂದಿತ್ತು. ಹುಡುಗರು ಕೆರೆಯಿಂದ ತಂದ ಹೈಡ್ರಿಲ್ಲಾ ಗಿಡವನ್ನು ನೀರು ತುಂಬಿದ ಬೀಕರಿನಲ್ಲಿರಿಸಿ, ಮೇಲೆ ಆಲಿಕೆಯನ್ನು ಬೋರಲು ಹಾಕಿ, ಅದರ ಕೊಳವೆಗೆ ನೀರು ತುಂಬಿದ ಪ್ರನಾಳವನ್ನು ಕವುಚಿ ಬಿಸಿಲಿಗೆ ಇಡುವುದು. ಸ್ವಲ್ಪ ಹೊತ್ತಿನಲ್ಲಿ ಗುಳ್ಳೆಗಳು ಏಳತೊಡಗುತ್ತವೆ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಇನ್ನೂ ರಭಸವಾಗಿ ಏಳುತ್ತವೆ. ‘ಯಾಕೆ ಸಾರ್?’ ಎಂದು ಯಾರಾದರೂ ಕೇಳಿದರೆ, ‘ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಸಿಕ್ಕಿತು’ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ಒಂದು ವಾಕ್ಯದ ಹಿಂದಿನ ಚರಿತ್ರೆಯನ್ನು ನಾನು ಓದಿ ತಿಳಿದದ್ದು ನಿವೃತ್ತಿಯ ನಂತರ, ಮೊಮ್ಮಗಳಿಗಾಗಿ ಗಾಜಿನ ತೊಟ್ಟಿಯಲ್ಲಿ ಜಲಸಸ್ಯಗಳನ್ನು ಬೆಳೆಸಲು ಹೊರಟಾಗ.

ತೊಟ್ಟಿಗೆ ಗಿಡ ನೆಟ್ಟು, ಪ್ರಖರವಾದ ದೀಪ ಹಾಕಿ, ಹದಿನಾಲ್ಕು ನಿಯಾನ್ ಟೆಟ್ರಾ ಮೀನುಗಳನ್ನು ಬಿಟ್ಟೆ. ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ ಎಂದು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದ ವೃತ್ತವೇ ನನ್ನ ಬಂಡವಾಳ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಗಿಡವನ್ನೂ ಒಂದೇ ಪಾತ್ರೆಯಲ್ಲಿ ಸಾಕಿ, ಕೊಳೆತ ಎಲೆಗಳನ್ನು ತಿನ್ನಲು ಬಸವನಹುಳುಗಳನ್ನು ಬಿಟ್ಟು, ಮರುವರ್ಷ ಅಲ್ಲಿನ ಕೆಮಿಕಲ್ ಸೊಸೈಟಿಗೆ ವರದಿ ಮಾಡಿದ್ದು ಇದೇ ವೃತ್ತವನ್ನು. ಅವನ ತೊಟ್ಟಿ ಬಾಳಿತು. ನನ್ನದು ಎರಡೇ ತಿಂಗಳಲ್ಲಿ ಪಾಚಿಗಟ್ಟಿತು, ಎಲೆಗಳು ಹಳದಿಯಾದವು.

ಕಾರಣ ಸರಳ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ತಾನಾಗಿ ಕರಗಿ ನಿಲ್ಲುವ ಇಂಗಾಲದ ಡೈಆಕ್ಸೈಡ್ ಲೀಟರಿಗೆ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ಇದ್ದಷ್ಟೂ ಎಲೆಯನ್ನು ಮುಟ್ಟುವುದು ನಿಧಾನ, ಏಕೆಂದರೆ ಗಾಳಿಗಿಂತ ನೀರಿನಲ್ಲಿ ಅದರ ವಿಸರಣೆ ಸುಮಾರು 10,000 ಪಟ್ಟು ಮಂದ. ಪುಟ್ಟ ಮೀನುಗಳ ಉಸಿರು ಆ ಕೊರತೆಯನ್ನು ತುಂಬಲಾರದು. ಬೆಳಕು ಹೆಚ್ಚಿದಷ್ಟೂ ಗಿಡದ ಹಸಿವು ಹೆಚ್ಚುತ್ತದೆ. ಹಸಿದ ಗಿಡ ಸೊರಗಿದಾಗ ಪಾಚಿ ಜಾಗ ಹಿಡಿಯುತ್ತದೆ.

ಇನ್ನು ಚರಿತ್ರೆಗೆ ಬರೋಣ. ಅದು ಶುರುವಾಗುವುದು ಸಾರಾಯಿ ಭಟ್ಟಿಯ ಪಕ್ಕದಲ್ಲಿ ಎಂದರೆ ಓದುಗರು ನಕ್ಕಾರು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣಕ್ಕೆ ಬಂದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿಯ ಮನೆ ಬಿಯರ್ ತಯಾರಿಸುವ ಕಾರ್ಖಾನೆಗೆ ಅಂಟಿಕೊಂಡಿತ್ತು. ಹುದುಗುತ್ತಿದ್ದ ತೊಟ್ಟಿಗಳ ಮೇಲೆ ನಿಲ್ಲುವ ಭಾರವಾದ ಗಾಳಿಯನ್ನು ಆತ ನೀರಿನಲ್ಲಿ ಕರಗಿಸಿದ. 1772ರಲ್ಲಿ ಆ ವಿಧಾನವನ್ನು ಅಚ್ಚು ಹಾಕಿಸಿದ. ನಮ್ಮ ಜಾತ್ರೆಗಳ ಗೋಲಿಸೋಡಾದ ಮೂಲಪುರುಷ ಆತನೇ. ಅದೇ ಆಸಾಮಿ 1771ರಲ್ಲಿ, ಮೇಣದಬತ್ತಿ ಉರಿದು ಕೆಟ್ಟ ಗಾಳಿಯಲ್ಲಿ ಪುದೀನ ಕಡ್ಡಿಯೊಂದನ್ನಿಟ್ಟು, ಕೆಲವು ದಿನಗಳ ನಂತರ ಅಲ್ಲಿ ಮತ್ತೆ ಬತ್ತಿ ಉರಿಯುವುದನ್ನು ಕಂಡ. ಸೋಡಾ ಒಂದು ಕೈಯಲ್ಲಿ, ಗಿಡ ಇನ್ನೊಂದು ಕೈಯಲ್ಲಿ. ಎರಡನ್ನೂ ಜೋಡಿಸುವುದು ಮಾತ್ರ ಆತನಿಗೆ ಹೊಳೆಯಲಿಲ್ಲ.

1779ರ ಬೇಸಗೆಯಲ್ಲಿ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ ಲಂಡನ್ನಿನ ಸಮೀಪದ ಹಳ್ಳಿಮನೆಯಲ್ಲಿ ಕುಳಿತು ನೂರಾರು ಪ್ರಯೋಗಗಳನ್ನು ನಡೆಸಿದ. ನೀರಿನಲ್ಲಿ ಮುಳುಗಿಸಿದ ಎಲೆಗಳು ಬಿಸಿಲಿನಲ್ಲಿ ಮಾತ್ರ ಗುಳ್ಳೆ ಬಿಡುತ್ತವೆ. ಕತ್ತಲಾದರೆ ಗಿಡಗಳೂ ನಮ್ಮಂತೆಯೇ ಗಾಳಿಯನ್ನು ಕೆಡಿಸುತ್ತವೆ ಎಂದು ತೋರಿಸಿದವನು ಆತ. ಈ ಎರಡನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. 1782ರಲ್ಲಿ ಜಿನೀವಾದ ಪಾದ್ರಿ ಜಾನ್ ಸೆನೆಬಿಯೆ, ಗುಳ್ಳೆ ಬರಬೇಕಾದರೆ ನೀರಿನಲ್ಲಿ ಈ ಸೋಡಾ ಗಾಳಿ ಕರಗಿರಲೇಬೇಕು ಎಂದು ಸಾಧಿಸಿದ. ನನ್ನ ಚಿಟಿಕೆ ಅಡುಗೆ ಸೋಡಾದ ಶಾಸ್ತ್ರ ಅಲ್ಲಿಗೆ ಪೂರ್ತಿಯಾಗಿತ್ತು. 1823ರಲ್ಲಿ ಫ್ಯಾರಡೆ ಈ ಅನಿಲವನ್ನು ಒತ್ತಡದಿಂದ ದ್ರವವಾಗಿಸಿದ ಮೇಲೆ ಅದನ್ನು ಉಕ್ಕಿನ ಸಿಲಿಂಡರಿನಲ್ಲಿ ತುಂಬಿಡುವ ದಾರಿಯೂ ತೆರೆಯಿತು.

ಆದರೂ ಅದು ಮನೆಯ ತೊಟ್ಟಿಗೆ ಇಳಿದು ಬರಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧವೇ ಬೇಕಾಯಿತು. ಜರ್ಮನಿಯ ಹವ್ಯಾಸಿಗಳು ಇದರಲ್ಲಿ ಮೊದಲಿಗರ ಸಾಲಿನವರು. ಲೋಕಕ್ಕೆಲ್ಲ ರುಚಿ ಹತ್ತಿಸಿದವರು ಜಪಾನಿನ ನೀಗಾತಾದಲ್ಲಿ 1954ರಲ್ಲಿ ಹುಟ್ಟಿದ ತಕಾಶಿ ಅಮಾನೋ. ಮೊದಲು ಸೈಕಲ್ ಪಂದ್ಯಗಳ ಸ್ಪರ್ಧಿ, ಬಳಿಕ ಛಾಯಾಗ್ರಾಹಕ. ಕುಡಿಯುವ ಸೋಡಾ ನೀರನ್ನು ತೊಟ್ಟಿಗೆ ಸುರಿದು ನೋಡಿದ್ದರಿಂದ ಅವರಿಗೆ ಈ ದಾರಿ ಹೊಳೆಯಿತೆಂಬ ಕಥೆ ಹವ್ಯಾಸಿಗಳಲ್ಲಿ ಪ್ರಚಲಿತವಾಗಿದೆ. ನಿಜವೇ ಆದರೆ ಪ್ರೀಸ್ಟ್ಲಿಯ ಎರಡು ಕೈಗಳೂ ಕೂಡಿದ್ದು ಆಗಲೇ! 1982ರಲ್ಲಿ ಸ್ವಂತ ಸಂಸ್ಥೆ ಕಟ್ಟಿದ ಅವರು, 2015ರಲ್ಲಿ ಲಿಸ್ಬನ್ನಿನ ಓಷನೇರಿಯಂನಲ್ಲಿ 40 ಮೀಟರ್ ಉದ್ದದ ಜಲವನವನ್ನು ನಿರ್ಮಿಸಿ, ಅದೇ ವರ್ಷ ತೀರಿಕೊಂಡರು.

ನನ್ನ ಸಾಹಸಕ್ಕೆ ಮರಳುತ್ತೇನೆ. ಎರಡು ಕಿಲೋ ಅನಿಲ ಹಿಡಿಯುವ ಸಿಲಿಂಡರ್ ತಂದೆ. 25 ಡಿಗ್ರಿಯಲ್ಲಿ ಅದರೊಳಗಿನ ಒತ್ತಡ ವಾಯುಮಂಡಲದ ಒತ್ತಡದ 60 ಪಟ್ಟು ಮೀರುತ್ತದೆ. ಒಳಗೆ ದ್ರವ ಉಳಿದಿರುವವರೆಗೆ ಮಾಪಕದ ಮುಳ್ಳು ಇಳಿಯುವುದಿಲ್ಲ. ಆದ್ದರಿಂದ ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಿಯೇ ನೋಡಬೇಕು. ರೆಗ್ಯುಲೇಟರ್ ಆ ಒತ್ತಡವನ್ನು ತಗ್ಗಿಸುತ್ತದೆ, ಸೂಜಿ ಕವಾಟ ಹರಿವನ್ನು ಹನಿಹನಿಯಾಗಿಸುತ್ತದೆ. ನೀರು ಹಿಂದಕ್ಕೆ ನುಗ್ಗದಂತೆ ಏಕಮುಖ ಕವಾಟ, ಎಣಿಸಲು ಗುಳ್ಳೆಮಾಪಕ, ಕೊನೆಗೆ ಅನಿಲವನ್ನು ಮಂಜಿನಂತೆ ಒಡೆಯುವ ಪಿಂಗಾಣಿ ಬಿಲ್ಲೆ. ತೊಟ್ಟಿಯೊಳಗೆ ತೂಗುಬಿಟ್ಟ ಗಾಜಿನ ಬುರುಡೆಯಲ್ಲಿ ಬ್ರೋಮೋಥೈಮಾಲ್ ನೀಲಿ ದ್ರಾವಣ: ನೀಲಿಯಾದರೆ ಅನಿಲ ಕಡಿಮೆ, ಹಳದಿಯಾದರೆ ಅಪಾಯ, ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ. ಮೂರನೆಯ ದಿನ ಎಲೆ ಎಲೆಯ ಮೇಲೂ ಮುತ್ತಿನಂಥ ಗುಳ್ಳೆಗಳು ನಿಂತವು. ಮೊಮ್ಮಗಳು ಕುಣಿದಳು; ನನ್ನ ಹಳೆಯ ಪ್ರನಾಳವೇ ದೊಡ್ಡದಾಗಿ ಮನೆಗೆ ಬಂದಂತಿತ್ತು.

ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ಕವಾಟವೊಂದನ್ನು ಮಾತ್ರ ದುಡ್ಡು ಉಳಿಸಲು ಕೊಂಡಿರಲಿಲ್ಲ. ದೀಪ ಆರಿಸುವಾಗ ಕೈಯಾರೆ ಮುಚ್ಚಿದರಾಯಿತು ಎಂಬ ಹಮ್ಮು. ಒಂದು ರಾತ್ರಿ ನೆಂಟರ ಮದುವೆ ಮುಗಿಸಿ ತಡವಾಗಿ ಬಂದವನು ದೀಪವನ್ನಷ್ಟೇ ಆರಿಸಿ ಮಲಗಿದೆ. ಬೆಳಗ್ಗೆ ದ್ರಾವಣ ನಿಂಬೆಹಣ್ಣಿನ ಹಳದಿಯಾಗಿತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ನೀರಿನಲ್ಲಿ ಈ ಅನಿಲ ಹೆಚ್ಚಾದರೆ ಮೀನು ತನ್ನ ರಕ್ತದಲ್ಲಿರುವುದನ್ನು ಕಿವಿರಿನಿಂದ ಹೊರಹಾಕಲಾರದು; ರಕ್ತ ಆಮ್ಲೀಯವಾಗಿ, ಆಮ್ಲಜನಕ ಎದುರಿಗಿದ್ದರೂ ಅದನ್ನು ಹಿಡಿದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಅರ್ಧ ನೀರು ಬದಲಿಸಿದೆ, ಚೊಂಬಿನಿಂದ ಮೇಲಿಂದ ಸುರಿದು ನೀರು ಕಲಕಿದೆ. ಉಳಿದದ್ದು ಐದು. ಗಿಡಗಳೂ ರಾತ್ರಿಯಿಡೀ ತಮ್ಮ ಪಾಲಿನ ಉಸಿರನ್ನು ಆ ನೀರಿಗೇ ಸೇರಿಸಿದ್ದವು. ಇಂಗೆನ್‌ಹೌಸನ ಎರಡನೆಯ ಮಾತನ್ನು ಮೂವತ್ತೊಂದು ವರ್ಷ ಬಾಯಿಪಾಠ ಮಾಡಿಸಿದವನು ನಾನೇ.

ಒಂಬತ್ತನ್ನೂ ದಾಸವಾಳದ ಬುಡದಲ್ಲಿ ಹೂತಾಗ ಮೊಮ್ಮಗಳು ಕೇಳಿದಳು: ‘ತಾತ, ನಿಂಗೆ ಗೊತ್ತಿರ್ಲಿಲ್ವಾ?’ ಗೊತ್ತಿತ್ತು ಎಂದೆ. ಅವಳು ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಆ ವಾರವೇ ಸೊಲೆನಾಯ್ಡ್ ಕವಾಟವೂ ಟೈಮರೂ ಬಂದವು. ದೀಪ ಆರುವುದಕ್ಕೆ ಒಂದು ಗಂಟೆ ಮುಂಚೆಯೇ ಅದು ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಆ ಸದ್ದು ಕೇಳಿದ ಮೇಲೂ ಮಲಗುವ ಮುನ್ನ ಅವಳು ಎದ್ದುಹೋಗಿ ಗುಳ್ಳೆ ನಿಂತಿದೆಯೇ ಎಂದು ನೋಡಿ ಬರುತ್ತಾಳೆ.